ಮಾತಿನ ಗದ್ದೆಗೆ ಧಣಿ ಯಾರು?



ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನೆಂಬ ಶರಣನಿದ್ದನು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಅವನ ಕಾಯಕ. ಆ ಅಕ್ಕಿಯಿಂದಲೇ ಸತಿಪತಿಗಳು ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಹೊತ್ತು ಮನೆಗೆ ಬಂದನು. ಪತ್ನಿ ಲಕ್ಕಮ್ಮ ಅದನ್ನು ಒಲೆಯ ಮೇಲೆ ಇಡಲಿಲ್ಲ. ಇದು ನಮ್ಮ ನಿತ್ಯದ ಅಳತೆಯಲ್ಲ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು.

ಈ ಕಥೆಯನ್ನು ತಾವೆಲ್ಲರೂ ಪುರಾಣ ಪ್ರವಚನಗಳಲ್ಲಿ ಕೇಳಿದ್ದೀರಿ. ಅದರಲ್ಲಿರುವ ಒಂದು ಸೂಕ್ಷ್ಮವನ್ನು ಇಂದು ನೆನಪಿಸಬೇಕಾಗಿದೆ. ಮಾರಯ್ಯ ತಂದ ಅಕ್ಕಿ ಕದ್ದದ್ದಲ್ಲ. ಯಾರ ಕಣಜಕ್ಕೂ ಕನ್ನ ಹಾಕಿದ್ದಲ್ಲ. ಎಲ್ಲರೂ ತುಳಿದು ಓಡಾಡುವ ಅಂಗಳದಲ್ಲಿ ಬಿದ್ದದ್ದು. ಆದರೂ ಲಕ್ಕಮ್ಮನಿಗೆ ಅದು ಸಲ್ಲಲಿಲ್ಲ. ಬಿದ್ದದ್ದೆಂಬ ಒಂದೇ ಕಾರಣಕ್ಕೆ ಎಲ್ಲವೂ ನಮ್ಮದಾಗುವುದಿಲ್ಲ. ಎಷ್ಟು ಆಯ್ದುಕೊಂಡೆ, ಯಾರಿಗಾಗಿ ಆಯ್ದುಕೊಂಡೆ ಎಂಬ ಲೆಕ್ಕವನ್ನು ಕೊಡಲೇಬೇಕು. ಆ ತಾಯಿ ಗಂಡನಿಂದ ಕೇಳಿದ್ದು ಆ ಲೆಕ್ಕವನ್ನು.

ಈಚೆಗೆ ಬೆಳ್ತಂಗಡಿ ಕಡೆಯ ಭಕ್ತರೊಬ್ಬರ ಮನೆಗೆ ಇಷ್ಟಲಿಂಗ ಪೂಜೆಗೆಂದು ನಾವು ಹೋಗಿದ್ದೆವು. ಪೂಜೆ ಮುಗಿದು ಪ್ರಸಾದವಾದ ಮೇಲೆ ಮನೆಯ ಹಿರಿಯರು ಮೊಮ್ಮಗನ ಫೋನನ್ನು ತಂದು ನಮ್ಮ ಮುಂದೆ ಹಿಡಿದರು. ಹುಡುಗ ಶಾಲೆಯ ಭಾಷಣಕ್ಕೆ ಬಸವಣ್ಣನವರ ಒಂದು ವಚನ ಬೇಕೆಂದು ಕೇಳಿದ್ದನಂತೆ. ಯಂತ್ರ ಕ್ಷಣಮಾತ್ರದಲ್ಲಿ ಬರೆದುಕೊಟ್ಟಿತ್ತು. ಕೊನೆಯಲ್ಲಿ ಕೂಡಲಸಂಗಮನ ಅಂಕಿತವೂ ಇತ್ತು. ಎಂಬತ್ತು ದಾಟಿದ ಆ ಹಿರಿಯರು ಕೇಳಿದ್ದು ಇಷ್ಟೇ: "ಬುದ್ಧೀ, ನಾನು ಚಿಕ್ಕಂದಿನಿಂದ ವಚನ ಓದಿದವನು. ಇದನ್ನು ಎಲ್ಲಿಯೂ ಕಾಣೆ. ಇದು ಯಾರ ಮಾತು?"

ನಾವೂ ಆ ವಚನವನ್ನು ಎಲ್ಲಿಯೂ ಕಂಡಿರಲಿಲ್ಲ. ಅದು ಬಸವಣ್ಣನವರದಲ್ಲ. ಆದರೆ ಅದರಲ್ಲಿದ್ದ ಒಂದೊಂದು ಪದವೂ ಶರಣರು ಬಳಸಿದ ಪದವೇ ಆಗಿತ್ತು. ಯಾರ ಮಾತು ಎಂಬ ಆ ಪ್ರಶ್ನೆ ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ. ಅದಕ್ಕಾಗಿಯೇ ಈ ವಾರ ಇದನ್ನು ಬರೆಯುತ್ತಿದ್ದೇವೆ.

ಕೃತಕ ಬುದ್ಧಿಮತ್ತೆ ಎಂದು ಪತ್ರಿಕೆಗಳಲ್ಲಿ ದಿನವೂ ಬರುವ ಈ ಯಂತ್ರ ಏನು? 2022ರ ನವೆಂಬರ್ 30ರಂದು ಅಮೆರಿಕದ ಕಂಪನಿಯೊಂದು ಚಾಟ್‌ಜಿಪಿಟಿ ಎಂಬುದನ್ನು ಜನರ ಮುಂದಿಟ್ಟಿತು. ಅದರ ಬೆನ್ನಿಗೆ ಅಂಥವು ಹಲವಾರು ಬಂದವು. ಕೇಳಿದ್ದಕ್ಕೆ ಉತ್ತರ, ಅರ್ಜಿ, ಕಥೆ, ಚಿತ್ರ, ಹಾಡು ಎಲ್ಲವನ್ನೂ ಅವು ಮಾಡಿಕೊಡುತ್ತವೆ. ಈ ಯಂತ್ರಕ್ಕೆ ಸ್ವಂತದ ಅನುಭವವಿಲ್ಲ. ಅದು ಹಸಿದಿಲ್ಲ, ಅತ್ತಿಲ್ಲ, ಲಿಂಗವನ್ನು ಪೂಜಿಸಿಲ್ಲ. ಮನುಷ್ಯರು ಬರೆದ ಕೋಟ್ಯಂತರ ಪುಟಗಳನ್ನು ಅದಕ್ಕೆ ಉಣಿಸುತ್ತಾರೆ. ಒಂದು ಪದದ ಹಿಂದೆ ಯಾವ ಪದ ಬರಬಹುದೆಂಬ ಲೆಕ್ಕವನ್ನು ಅದರಿಂದ ಅದು ಕಲಿಯುತ್ತದೆ. ಭಜನೆಯಲ್ಲಿ ಒಬ್ಬರು ಮೊದಲ ಸೊಲ್ಲು ಎತ್ತಿದರೆ ಮುಂದಿನದು ತಾನಾಗಿ ನಮ್ಮ ಬಾಯಿಗೆ ಬರುವುದಿಲ್ಲವೇ, ಹಾಗೆ. ಅಂದಮೇಲೆ ಅದರ ವಿದ್ಯೆಯೆಲ್ಲ ನಮ್ಮ ನಿಮ್ಮೆಲ್ಲರ ಮಾತಿನಿಂದ, ನಮ್ಮ ಹಿರಿಯರ ಬರಹದಿಂದ ಬಂದದ್ದು.

ನಮ್ಮ ತುಳುನಾಡಿನ ಉದಾಹರಣೆಯನ್ನೇ ನೋಡಿ. 2024ರ ಜೂನ್ ತಿಂಗಳಲ್ಲಿ ಗೂಗಲ್ ಸಂಸ್ಥೆಯು ತನ್ನ ಅನುವಾದ ಯಂತ್ರಕ್ಕೆ 110 ಹೊಸ ಭಾಷೆಗಳನ್ನು ಸೇರಿಸಿತು. ತುಳುವೂ ಅದರಲ್ಲಿ ಒಂದು. ನಮಗೂ ಸಂತೋಷವಾಯಿತು. ಆದರೆ ತುಳು ಯಂತ್ರಕ್ಕೆ ಆಕಾಶದಿಂದ ಇಳಿದು ಬರಲಿಲ್ಲ. ನೇಜಿ ನೆಡುವ ಕೆಸರುಗದ್ದೆಯಲ್ಲಿ ಬೆನ್ನು ಬಾಗಿಸಿಕೊಂಡು ಪಾಡ್ದನ ಹೇಳಿದ ತಾಯಂದಿರು ಅದನ್ನು ಉಳಿಸಿದರು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರವು 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ತುಳು ನಿಘಂಟನ್ನು ಹೊರತಂದಿತು. ಅದರ ವಿದ್ವಾಂಸರು ಊರೂರು ತಿರುಗಿ ಪದಪದವನ್ನೂ ಕೇಳಿ ಬರೆದುಕೊಂಡರು. ಯಂತ್ರವು ಯಾವ ಪುಟವನ್ನು ಓದಿ ತುಳು ಕಲಿತಿರಲಿ, ಆ ಪುಟದ ಹಿಂದೆ ಇಂಥ ಜನರ ಬೆವರು ಇದ್ದೇ ಇದೆ.

ಕನ್ನಡದ್ದೂ ಇದೇ ಕಥೆ. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಮಕ್ಕಳಿಗಾಗಿ ಕನ್ನಡವನ್ನು ಹದಗೊಳಿಸಿದರು. ವಿಜಾಪುರದ ಫ. ಗು. ಹಳಕಟ್ಟಿಯವರು ಮನೆಮನೆಯ ಜಗುಲಿಯಲ್ಲಿ ಗೆದ್ದಲು ಹಿಡಿಯುತ್ತಿದ್ದ ತಾಳೆಗರಿಗಳನ್ನು ಬೇಡಿ ತಂದರು. 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೇ ಮಾರಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. 1993ರಲ್ಲಿ ರಾಜ್ಯ ಸರ್ಕಾರವು ಹದಿನೈದು ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಅಗ್ಗದ ಬೆಲೆಗೆ ಜನರ ಕೈಗೆ ಕೊಟ್ಟಿತು. ಇವರಲ್ಲಿ ಯಾರೂ ಮಾತಿನ ಮೇಲೆ ಬೇಲಿ ಹಾಕಲಿಲ್ಲ. ಎಲ್ಲರಿಂದ ಬಂದದ್ದನ್ನು ಎಲ್ಲರಿಗೆ ಮರಳಿಸಿದರು. ದಾಸೋಹವೆಂದರೆ ಇದು.

ಈಗ ಕಂಪನಿಗಳು ಏನು ಹೇಳುತ್ತವೆ? ಬರಹಗಳು ತೆರೆದ ಅಂಗಳದಲ್ಲಿ ಬಿದ್ದಿದ್ದವು, ನಾವು ಆಯ್ದುಕೊಂಡೆವು ಎನ್ನುತ್ತವೆ. ಎಲ್ಲವೂ ಅಂಗಳದಲ್ಲಿ ಬಿದ್ದದ್ದೂ ಅಲ್ಲ. ಅಮೆರಿಕದ ಆಂಥ್ರೋಪಿಕ್ ಎಂಬ ಕಂಪನಿಯು ಲಕ್ಷಗಟ್ಟಲೆ ಪುಸ್ತಕಗಳ ಕಳ್ಳಪ್ರತಿಗಳನ್ನು ಇಳಿಸಿಕೊಂಡಿತ್ತೆಂದು ಅಲ್ಲಿನ ಲೇಖಕರು ದಾವೆ ಹೂಡಿದರು. ಕೊಂಡ ಪುಸ್ತಕವನ್ನು ಯಂತ್ರಕ್ಕೆ ಓದಿಸಿದರೆ ಕಾನೂನಿಗೆ ವಿರುದ್ಧವಲ್ಲ, ಆದರೆ ಕಳ್ಳಪ್ರತಿಗಳ ಭಂಡಾರ ಕಟ್ಟಿಕೊಳ್ಳುವಂತಿಲ್ಲ ಎಂದು 2025ರ ಜೂನ್‌ನಲ್ಲಿ ನ್ಯಾಯಾಧೀಶರು ಹೇಳಿದರು. ಅದೇ ಸೆಪ್ಟೆಂಬರಿನಲ್ಲಿ ಕಂಪನಿಯು 150 ಕೋಟಿ ಡಾಲರಿನ ರಾಜಿಗೆ ಒಪ್ಪಿತು. ಸುಮಾರು ಐದು ಲಕ್ಷ ಪುಸ್ತಕಗಳಿಗೆ, ಒಂದೊಂದಕ್ಕೆ ಸುಮಾರು 3,000 ಡಾಲರ್. ನಮ್ಮಲ್ಲಿಯೂ ಎಎನ್‌ಐ ಸುದ್ದಿಸಂಸ್ಥೆಯು ಚಾಟ್‌ಜಿಪಿಟಿಯ ಒಡೆಯರಾದ ಓಪನ್‌ಎಐ ಮೇಲೆ 2024ರ ನವೆಂಬರಿನಲ್ಲಿ ದೆಹಲಿ ಹೈಕೋರ್ಟಿನ ಮೆಟ್ಟಿಲು ಹತ್ತಿತು. ಇಂಗ್ಲಿಷಿನಲ್ಲಿ ಬರೆದವರು, ವಕೀಲರನ್ನು ಹಿಡಿಯಬಲ್ಲವರು ಕೇಳಿದರು, ಅವರಿಗೆ ಲೆಕ್ಕ ಸಿಕ್ಕಿತು ಅಥವಾ ಸಿಗಬಹುದು. ಪಾಡ್ದನ ಹೇಳಿದ ಅಜ್ಜಿಯ ಪರವಾಗಿ ಕೇಳುವವರು ಯಾರು?

ಹಿರಿಯರೇ, ನಿಮಗೆ ಇದನ್ನು ಅರ್ಥಮಾಡಿಸಲು ನಾವು ಕಂಪ್ಯೂಟರಿನ ಭಾಷೆ ಕಲಿಯಬೇಕಾಗಿಲ್ಲ. ಗೇಣಿ ಎಂಬ ಒಂದು ಮಾತು ಸಾಕು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಗದ್ದೆಗಳಲ್ಲಿ ನಿಮ್ಮ ತಂದೆ ತಾತಂದಿರು ಗೇಣಿಗೆ ದುಡಿದವರು. ಮೂಲಗೇಣಿಯವರಿಗೆ ಅಷ್ಟಿಷ್ಟು ನೆಲೆಯಿತ್ತು. ಚಾಲಗೇಣಿಯವರಿಗೆ ಅದೂ ಇರಲಿಲ್ಲ. ಗುಡ್ಡ ಕಡಿದು ಗದ್ದೆ ಮಾಡಿದವನು ಒಕ್ಕಲು, ಕಟ್ಟಪುಣಿ ಕಟ್ಟಿದವನು ಒಕ್ಕಲು. ಆದರೆ ಅಕ್ಕಿಮುಡಿಗಳು ಹೋಗುತ್ತಿದ್ದುದು ಧಣಿಯ ಮನೆಗೆ. ಧಣಿಗೆ ಮನಸ್ಸು ಬಂದ ದಿನ ಒಕ್ಕಲು ಎದ್ದು ಹೋಗಬೇಕಾಗಿತ್ತು.

ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಗೇಣಿಯ ಭೂಮಿ ಸರ್ಕಾರದ ವಶವಾಯಿತು. ಉಳುವವನು ಡಿಕ್ಲರೇಶನ್ ಹಾಕಿ, ಭೂನ್ಯಾಯಮಂಡಳಿಯ ಮುಂದೆ ನಿಂತು, ತನ್ನ ಗದ್ದೆಯನ್ನು ತನ್ನದೆಂದು ಹೇಳಿಕೊಂಡನು. 1979ರ ಜೂನ್ 30ರ ಕೊನೆಯ ದಿನಾಂಕದವರೆಗೆ ತಾಲೂಕು ಕಚೇರಿಗಳ ಮುಂದೆ ನಿಂತ ಸರತಿಯ ಸಾಲನ್ನು ನಿಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೀರಿ. ಆ ಕಾನೂನಿನಲ್ಲಿ ಕುಂದುಗಳಿರಲಿಲ್ಲವೆಂದು ನಾವು ಹೇಳುವುದಿಲ್ಲ. ಗೇಣಿಯೊಂದನ್ನೇ ನಂಬಿ ಬದುಕಿದ್ದ ಸಣ್ಣ ಹಿಡುವಳಿಯ ವಿಧವೆಯರು ಕಣ್ಣೀರಿಟ್ಟರು. ಗೇಣಿಯೂ ಇಲ್ಲದ ಕೂಲಿಯಾಳಿಗೆ ಗದ್ದೆ ಸಿಗಲಿಲ್ಲ. ಆದರೂ ಬೆವರು ಸುರಿಸಿದವನಿಗೆ ನೆಲದ ಮೇಲೆ ಹಕ್ಕುಂಟು ಎಂಬ ತತ್ತ್ವ ಅಂದು ಗೆದ್ದಿತು.

ಇದನ್ನು ಹೇಳುವಾಗ ನಾವು ನಮ್ಮ ಮನೆಯ ಲೆಕ್ಕವನ್ನು ಮುಚ್ಚಿಡಬಾರದು. ಗೇಣಿ ಪಡೆದವರಲ್ಲಿ ಮಠಗಳೂ ಇದ್ದವು, ದೇವಸ್ಥಾನಗಳೂ ಇದ್ದವು. ಕೆಳದಿಯ ಅರಸರ ಕಾಲದಿಂದ ಉಂಬಳಿ ಪಡೆದು ಒಕ್ಕಲಿನ ಅಕ್ಕಿಯಲ್ಲಿ ದಾಸೋಹ ನಡೆಸಿದ ಪೀಠಗಳುಂಟು. ಭೂಮಿ ಹೋದಾಗ ಧರ್ಮ ಮುಳುಗಿತೆಂದು ಕೂಗಿದವರೂ ನಮ್ಮಲ್ಲಿ ಇದ್ದರು. ಧರ್ಮ ಮುಳುಗಲಿಲ್ಲ. ಒಕ್ಕಲಾಗಿದ್ದವನು ಒಡೆಯನಾಗಿ, ತನ್ನ ಗದ್ದೆಯ ಅಕ್ಕಿಯನ್ನು ತಾನೇ ಮನಸಾರೆ ತಂದು ಮಠದ ದಾಸೋಹಕ್ಕೆ ಸುರಿದನು. ಅಂಥ ಅಕ್ಕಿಯ ರುಚಿಯನ್ನು ಉಂಡು ಬಲ್ಲೆವಾದ್ದರಿಂದಲೇ ಈ ಮಾತನ್ನು ಹೇಳುವ ಧೈರ್ಯ ನಮಗಿದೆ.

ಈಗ ಮತ್ತೆ ಗೇಣಿ ಬರುತ್ತಿದೆ. ಈ ಬಾರಿ ಗದ್ದೆ ಮಣ್ಣಿನದಲ್ಲ, ಮಾತಿನದು. ಸಾವಿರ ವರ್ಷಕ್ಕೂ ಮಿಕ್ಕಿ ಈ ನಾಡಿನವರು ಉತ್ತು ಬಿತ್ತಿದ ಮಾತಿನ ಗದ್ದೆಗೆ ದೂರದೇಶದ ನಾಲ್ಕಾರು ಕಂಪನಿಗಳು ಬೇಲಿ ಹಾಕಿವೆ. ನಮ್ಮ ಮಾತನ್ನೇ ತಿಂಗಳಿಗಿಷ್ಟು ಎಂದು ನಮಗೆ ಬಾಡಿಗೆಗೆ ಕೊಡುತ್ತಿವೆ. ಕೆಲವನ್ನು ಇಂದು ಪುಕ್ಕಟೆ ಕೊಡುತ್ತಿರುವುದೂ ನಿಜ. ಆದರೆ ನಾಳೆ ದರ ಏರಿಸಿದರೆ, ಬಾಗಿಲು ಮುಚ್ಚಿದರೆ, ಕನ್ನಡದಿಂದ ಲಾಭವಿಲ್ಲವೆಂದು ಕೈಬಿಟ್ಟರೆ ನಾವು ಕೇಳುವಂತಿಲ್ಲ. ಮಾತನ್ನು ಬೆಳೆದವರೇ ಮಾತಿನ ಗದ್ದೆಯಲ್ಲಿ ಚಾಲಗೇಣಿ ಒಕ್ಕಲಾಗುತ್ತಿದ್ದೇವೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂಬ ಗಾದೆಗೆ ಇದಕ್ಕಿಂತ ದೊಡ್ಡ ಉದಾಹರಣೆಯನ್ನು ನಾವು ಕಾಣೆವು.

ಒಡೆತನದ ಜೊತೆಗೆ ಕೂಲಿಯ ಪ್ರಶ್ನೆಯೂ ಇದೆ. ಈ ಸೀಮೆಯ ಎಷ್ಟೋ ಮನೆಗಳಲ್ಲಿ ಒಲೆ ಉರಿದದ್ದು ಬೀಡಿಯಿಂದ. ಬೀಡಿ ಸೇದುವುದನ್ನು ನಾವು ಒಪ್ಪುವವರಲ್ಲ. ಆದರೆ ಮಡಿಲಲ್ಲಿ ತಡ್ಪೆ ಇಟ್ಟುಕೊಂಡು, ಚಿಮಿಣಿ ಬೆಳಕಿನಲ್ಲಿ ಎಲೆ ಕತ್ತರಿಸಿ ಸುರುಟಿ, ಮಕ್ಕಳನ್ನು ಶಾಲೆಗೆ ಕಳುಹಿಸಿದ ತಾಯಂದಿರ ಕೈಗಳಿಗೆ ನಾವು ಶರಣು ಎನ್ನುತ್ತೇವೆ. ಸಾವಿರ ಬೀಡಿಗೆ ಇಷ್ಟು ಎಂಬ ಮಜೂರಿ, ಅದರಲ್ಲಿಯೂ ಕಳಪೆಯೆಂದು ಗುತ್ತಿಗೆದಾರ ತೆಗೆದುಹಾಕಿದ್ದು ಹೋಗಿ ಉಳಿದದ್ದು. ಆ ಕೈಗಳಿಗೆ ನ್ಯಾಯ ತಾನಾಗಿ ಬರಲಿಲ್ಲ. ಸಂಘ ಕಟ್ಟಿದರು, ಬೀದಿಗೆ ಇಳಿದರು. 1966ರಲ್ಲಿ ಬೀಡಿ ಕಾರ್ಮಿಕರ ಕಾಯ್ದೆ ಬಂತು. 1976ರಲ್ಲಿ ಬೀಡಿಯ ಮೇಲೆ ಕರ ಹಾಕಿ ಕಲ್ಯಾಣ ನಿಧಿ ಮಾಡಿದರು. ಅದರಿಂದ ಮಕ್ಕಳಿಗೆ ವಿದ್ಯಾರ್ಥಿವೇತನ ಬಂತು, ಮನೆಗೆ ಸಹಾಯಧನ ಬಂತು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಕರ ರದ್ದಾಯಿತು. ಕಾವಲು ತಪ್ಪಿದರೆ ಪಡೆದದ್ದೂ ಕೈಬಿಟ್ಟು ಹೋಗುತ್ತದೆ.

ಯಂತ್ರದ ಹಿಂದೆಯೂ ಇಂಥ ಕೈಗಳಿವೆ. ಯಾವುದು ಒಳ್ಳೆಯ ಮಾತು, ಯಾವುದು ಕೊಳಕು ಮಾತು ಎಂದು ಅದಕ್ಕೆ ತಿಳಿಸಿಕೊಡುವವರು ಮನುಷ್ಯರೇ. ಆಫ್ರಿಕಾದ ಕೀನ್ಯಾ ದೇಶದಲ್ಲಿ ಗಂಟೆಗೆ ಎರಡು ಡಾಲರಿಗಿಂತ ಕಡಿಮೆ ಕೂಲಿಗೆ ಯುವಕ ಯುವತಿಯರು ದಿನವಿಡೀ ಹಿಂಸೆ ಮತ್ತು ಅಶ್ಲೀಲದ ವರ್ಣನೆಗಳನ್ನು ಓದಿ ಗುರುತು ಹಾಕಿದರೆಂದು 2023ರ ಜನವರಿಯಲ್ಲಿ ಟೈಮ್ ಪತ್ರಿಕೆ ಬರೆಯಿತು. ಯಂತ್ರದ ಬಾಯಿ ಶುದ್ಧವಾಗಿರಲೆಂದು ಆ ಮಕ್ಕಳ ಮನಸ್ಸು ಹೊಲಸನ್ನು ನುಂಗಿತು. ಹಾಗೆಯೇ ಮಾಡಬೇಕೆಂದೇನೂ ಇಲ್ಲ. ಬೆಂಗಳೂರಿನ ಕಾರ್ಯ ಎಂಬ ಸಂಸ್ಥೆಯು ನಮ್ಮದೇ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಹೆಂಗಸರಿಂದ ಕನ್ನಡದ ವಾಕ್ಯಗಳನ್ನು ಓದಿಸಿ ಧ್ವನಿಮುದ್ರಣ ಮಾಡಿಕೊಂಡಿತು. ಗಂಟೆಗೆ ಸುಮಾರು ಐದು ಡಾಲರ್ ಕೊಟ್ಟಿತು. ಆ ಧ್ವನಿಯನ್ನು ಮತ್ತೊಬ್ಬರಿಗೆ ಮಾರಿದರೆ ಅದರಲ್ಲಿಯೂ ಪಾಲು ಕೊಡುವ ಕ್ರಮವನ್ನು ಇಟ್ಟುಕೊಂಡಿತು. ಮನಸ್ಸಿದ್ದರೆ ಮಾರ್ಗವುಂಟು ಎಂಬುದಕ್ಕೆ ಸಾಕ್ಷಿಯನ್ನು ಹುಡುಕಿಕೊಂಡು ನಾವು ಪರದೇಶಕ್ಕೆ ಹೋಗಬೇಕಾಗಿಲ್ಲ.

ಇಲ್ಲಿ ಬಲ್ಲವರು ಒಂದು ಆಕ್ಷೇಪವನ್ನು ಎತ್ತುವರು. ವಿದ್ಯೆ ಹಂಚಿದಷ್ಟೂ ಬೆಳೆಯುವುದಲ್ಲವೇ? ಪ್ರತಿ ಮಾಡುವುದನ್ನೇ ಪಾಪವೆಂದರೆ ಜ್ಞಾನ ಪೆಟ್ಟಿಗೆಯಲ್ಲಿ ಕೊಳೆಯುವುದಿಲ್ಲವೇ? ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರವನ್ನು ಮೂಡುಬಿದಿರೆಯೇ ಕೊಡುತ್ತದೆ.

ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲ, ಜಯಧವಲ, ಮಹಾಧವಲಗಳೆಂಬ ಜೈನ ಸಿದ್ಧಾಂತದ ತಾಳೆಗರಿಗಳು ಶತಮಾನಗಳ ಕಾಲ ಉಳಿದುಬಂದವು. ಯಾತ್ರಿಕರು ಅವುಗಳ ದರ್ಶನ ಪಡೆದು ಕೈಮುಗಿಯುತ್ತಿದ್ದರೇ ಹೊರತು ಓದುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅವನ್ನು ಪ್ರತಿ ಮಾಡುವ ಕೆಲಸ ಆರಂಭವಾಯಿತು. ಅದರ ಒಂದು ಪ್ರತಿ ಗುಟ್ಟಾಗಿ ಹೊರಗೆ ಹೋಗಿ ಉತ್ತರದೇಶದ ಸಹಾರಣಪುರವನ್ನು ಸೇರಿತೆಂದು ವಿದ್ವಾಂಸರು ಬರೆದಿದ್ದಾರೆ. ಕೊನೆಗೆ 1939ರಿಂದ ಪಂಡಿತ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಷಟ್ಖಂಡಾಗಮವು ಧವಲಾ ಟೀಕೆಯೊಡನೆ ಸಂಪುಟ ಸಂಪುಟವಾಗಿ ಅಚ್ಚಾಯಿತು.

ಅಪ್ಪಣೆಯಿಲ್ಲದೆ ಪ್ರತಿ ಹೊರಗೆ ಹೋದದ್ದು ಸರಿಯೋ ತಪ್ಪೋ ಎಂಬುದನ್ನು ಆ ಧರ್ಮದ ಹಿರಿಯರೇ ಹೇಳಬೇಕು. ನಾವು ನೋಡುವುದು ಅದರ ಫಲವನ್ನು. ಆ ಪ್ರತಿಯಿಂದ ಯಾರೂ ಧಣಿಯಾಗಲಿಲ್ಲ. ಬಾಗಿಲಲ್ಲಿ ಕುಳಿತು ಓದುವವನಿಂದ ತಿಂಗಳ ಗೇಣಿ ಕೇಳಲಿಲ್ಲ. ಮೂಲ ಎಲ್ಲಿಯದು, ಬರೆದವರು ಯಾರು, ಪ್ರತಿ ಮಾಡಿದವರು ಯಾರು ಎಂಬುದು ಪುಸ್ತಕದಲ್ಲಿಯೇ ಇತ್ತು. ಮೂಡುಬಿದಿರೆಯ ಹೆಸರು ಅಳಿಯಲಿಲ್ಲ, ಬೆಳಗಿತು. ಆದ್ದರಿಂದ ನಮ್ಮ ತಕರಾರು ಪ್ರತಿ ಮಾಡುವುದರ ಮೇಲೆ ಅಲ್ಲ. ಹೆಸರನ್ನು ಅಳಿಸಿ, ಲೆಕ್ಕವನ್ನು ಮುಚ್ಚಿ, ಎಲ್ಲರದನ್ನು ಒಬ್ಬನ ಕಣಜಕ್ಕೆ ತುಂಬುವುದರ ಮೇಲೆ.

ಹೆಸರಿನ ಮಾತು ಬಂದದ್ದರಿಂದ ಆ ಹಿರಿಯರ ಪ್ರಶ್ನೆಗೆ ಮರಳೋಣ. ಶರಣರು ವಚನದ ಕೊನೆಗೆ ಅಂಕಿತವನ್ನು ಇಟ್ಟದ್ದು ಅಲಂಕಾರಕ್ಕಲ್ಲ. ನನ್ನ ದೇವರ ಸಾಕ್ಷಿಯಾಗಿ ಈ ಮಾತಿಗೆ ನಾನು ಹೊಣೆ ಎಂದು ಅದರ ಅರ್ಥ. ಅಂಕಿತದ ಗೌರವ ಎಷ್ಟೆಂದರೆ, ಬಸವಣ್ಣನವರ ವಚನಗಳ ಅಂಕಿತವನ್ನು ಬದಲಿಸಿದ ಪುಸ್ತಕವೊಂದನ್ನು 1998ರಲ್ಲಿ ರಾಜ್ಯ ಸರ್ಕಾರ ನಿಷೇಧಿಸಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆ ಕ್ರಮವನ್ನು ಎತ್ತಿಹಿಡಿಯಿತು. ಅಲ್ಲಿ ಪ್ರಶ್ನೆ ಕೇಳಲು ಒಬ್ಬ ಮನುಷ್ಯರಿದ್ದರು. ಯಂತ್ರವು ಇಲ್ಲದ ವಚನವನ್ನು ಹೆಣೆದು ಬಸವಣ್ಣನವರ ಬಾಯಲ್ಲಿ ಇಟ್ಟಾಗ ಯಾರನ್ನು ಕೇಳುವುದು? ಯಂತ್ರಕ್ಕೆ ನಾಚಿಕೆಯಿಲ್ಲ, ಕಂಪನಿಗೆ ವಿಳಾಸ ದೂರ. ಹೊಣೆ ಹೊರುವವರಿಲ್ಲದ ಮಾತು ಹೆಚ್ಚಿದಂತೆ ಹೊಣೆಯುಳ್ಳ ಮಾತಿನ ಮೇಲೂ ಜನರಿಗೆ ನಂಬಿಕೆ ತಪ್ಪುತ್ತದೆ. ಬಸವಣ್ಣನವರ ನಿಜವಾದ ವಚನವನ್ನು ಕೇಳಿದಾಗಲೂ ಮೊಮ್ಮಕ್ಕಳು ಇದೂ ಯಂತ್ರದ್ದೇ ಎಂದು ನಗುವ ದಿನ ಬಂದರೆ ನಾವು ಕಳೆದುಕೊಳ್ಳುವುದನ್ನು ಯಾವ ಕೋರ್ಟೂ ತುಂಬಿಕೊಡಲಾರದು.

ಸ್ವಾಮಿಗಳು ಕೆಂಪು ಬಾವುಟ ಹಿಡಿದರೇ ಎಂದು ಕೆಲವರು ನಗಬಹುದು. ನಗಲಿ. ಬಂಟ್ವಾಳ ತಾಲೂಕಿನಿಂದ 1972ರಲ್ಲಿಯೂ 1978ರಲ್ಲಿಯೂ ಬಿ. ವಿ. ಕಕ್ಕಿಲ್ಲಾಯರನ್ನು ಇದೇ ಜನರು ವಿಧಾನಸಭೆಗೆ ಕಳುಹಿಸಿದರು. ಅವರು ಕಮ್ಯೂನಿಸ್ಟರು. ದೇವರ ವಿಷಯದಲ್ಲಿ ಅವರ ಸಿದ್ಧಾಂತಕ್ಕೂ ನಮ್ಮ ಶಕ್ತಿವಿಶಿಷ್ಟಾದ್ವೈತಕ್ಕೂ ಹೊಂದಿಕೆಯಿಲ್ಲ. ಆದರೆ ಹಣೆಗೆ ವಿಭೂತಿ ಧರಿಸಿದ ಒಕ್ಕಲು ಅವರ ಮಾತಿಗೆ ತಲೆದೂಗಿದ್ದು ಏಕೆ? ಬೆವರಿನ ಲೆಕ್ಕವನ್ನು ಅವರು ಸರಿಯಾಗಿ ಓದಿ ಹೇಳಿದ್ದರಿಂದ. ನಮ್ಮ ಪಂಚಾಚಾರಗಳಲ್ಲಿ ಸದಾಚಾರವೆಂದರೆ ಸ್ವಂತ ಕಾಯಕದಿಂದ ಬಂದದ್ದನ್ನು ಹಂಚಿ ಉಣ್ಣುವುದು. ಗಣಾಚಾರವೆಂದರೆ ಅನ್ಯಾಯವನ್ನು ಕಂಡು ಸುಮ್ಮನೆ ಕೂಡದಿರುವುದು. ಇದನ್ನು ಎಡವೆನ್ನಿ, ಬಲವೆನ್ನಿ, ಶರಣರ ದಾರಿಯಂತೂ ಹೌದು.

ಹಾಗೆಂದು ಯಂತ್ರವನ್ನು ಒಡೆಯಿರೆಂದು ನಾವು ಹೇಳುವವರಲ್ಲ. ಕಣ್ಣು ಕಾಣದವರಿಗೆ ಅದು ಪತ್ರವನ್ನು ಓದಿ ಹೇಳುತ್ತದೆ. ಅಕ್ಷರ ಬಾರದ ರೈತ ಬಾಯಲ್ಲಿ ಕೇಳಿದ್ದಕ್ಕೆ ಬಾಯಲ್ಲಿಯೇ ಉತ್ತರ ಕೊಡುತ್ತದೆ. ಕೇಂದ್ರ ಸರ್ಕಾರವೇ 2022ರಲ್ಲಿ ಭಾಷಿಣಿ ಎಂಬ ಅನುವಾದ ವ್ಯವಸ್ಥೆಯನ್ನು ಆರಂಭಿಸಿತು. ಯಂತ್ರ ಭೃತ್ಯನಾಗಿರಲಿ, ಧಣಿಯಾಗುವುದು ಬೇಡ.

ಆಗಬೇಕಾದದ್ದೇನು? ಮೊದಲನೆಯದು ಲೆಕ್ಕ. ಕೆಳದಿಯ ಶಿವಪ್ಪ ನಾಯಕನು ಹನ್ನೆರಡು ವರ್ಷ ಊರೂರಿನ ಬಗೆಬಗೆಯ ಗದ್ದೆಗಳನ್ನು ತಾನೇ ಸಾಗುವಳಿ ಮಾಡಿಸಿ, ಬೀಜವೆಷ್ಟು, ಖರ್ಚೆಷ್ಟು, ಬೆಳೆಯೆಷ್ಟು ಎಂದು ಬರೆಸಿದನೆಂದೂ, ಆಮೇಲೆಯೇ ಮೂರನೆಯ ಒಂದು ಪಾಲನ್ನು ಕಂದಾಯವೆಂದು ನಿಗದಿ ಮಾಡಿದನೆಂದೂ ಇತಿಹಾಸಕಾರರು ಬರೆದಿದ್ದಾರೆ. ಅದಕ್ಕೆ ಶಿವಪ್ಪ ನಾಯಕನ ಶಿಸ್ತು ಎಂದು ಹೆಸರು. ಹದಿನೇಳನೆಯ ಶತಮಾನದ ಅರಸನೊಬ್ಬನು ಅಳೆದು ಲೆಕ್ಕವಿಟ್ಟು ತೆಗೆದುಕೊಂಡನು. ಇಂದಿನ ಕಂಪನಿಗಳು ಯಾರ ಬರಹವನ್ನು ಎಷ್ಟು ತೆಗೆದುಕೊಂಡೆವೆಂದು ಹೇಳಲು ಏಕೆ ಹಿಂಜರಿಯಬೇಕು?

ಎರಡನೆಯದು ಪಾಲು. ಯಂತ್ರಕ್ಕೆ ಉಣಿಸಿದ ಬರಹಕ್ಕೆ ಕಡ್ಡಾಯ ಪರವಾನಗಿ ಮತ್ತು ಗೌರವಧನ ಇರಬೇಕೆಂದು ಕೇಂದ್ರದ ಕೈಗಾರಿಕಾ ಇಲಾಖೆಯ ಸಮಿತಿಯು 2025ರ ಡಿಸೆಂಬರಿನಲ್ಲಿ ಪ್ರಸ್ತಾವ ಮಾಡಿತು. ಒಳ್ಳೆಯದು. ಆದರೆ ಹೆಸರಿಲ್ಲದ ಪಾಡ್ದನಕ್ಕೆ, ಗಾದೆಗೆ, ಜನಪದಕ್ಕೆ ಗೌರವಧನ ಯಾರ ಕೈಗೆ? ಅದಕ್ಕೊಂದು ಸಾರ್ವಜನಿಕ ನಿಧಿ ಬೇಕು. ಅದರಿಂದ ಹಳ್ಳಿಯ ಗ್ರಂಥಾಲಯ, ಕನ್ನಡ ತುಳು ಕಲಿಸುವ ಶಾಲೆ, ವೃದ್ಧ ಕಲಾವಿದರ ಮಾಸಾಶನ ನಡೆಯಬೇಕು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬಂತೆ ಆ ಹಣ ನಡುದಾರಿಯಲ್ಲಿ ನಿಲ್ಲಬಾರದು.

ಮೂರನೆಯದು ಕೆಲಸದ ರಕ್ಷಣೆ. ನಿಮ್ಮ ಮನೆಯ ಮಕ್ಕಳು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾರೆ. 2025ರ ಜುಲೈಯಲ್ಲಿ ಟಿಸಿಎಸ್ ಕಂಪನಿಯು 12,000ಕ್ಕೂ ಹೆಚ್ಚು ಮಂದಿಯನ್ನು ಕೆಲಸದಿಂದ ಬಿಡಿಸುವುದಾಗಿ ಹೇಳಿತು. ಅದಕ್ಕೆ ಈ ಯಂತ್ರ ಕಾರಣವಲ್ಲವೆಂದೂ ಹೇಳಿತು. ಹಾಗಿದ್ದರೂ ಎಷ್ಟು ಮನೆಗಳಲ್ಲಿ ನಿದ್ದೆ ಕೆಟ್ಟಿದೆ ಎಂಬುದನ್ನು ನಾವು ಬಲ್ಲೆವು. ಅಮೆರಿಕದ ಸಿನಿಮಾ ಬರಹಗಾರರು 2023ರಲ್ಲಿ 148 ದಿನ ಮುಷ್ಕರ ಮಾಡಿ, ಯಂತ್ರವನ್ನು ತಮ್ಮ ವಿರುದ್ಧ ಬಳಸದಂತೆ ಒಪ್ಪಂದ ಬರೆಸಿಕೊಂಡರು. ನಮ್ಮ ರಾಜ್ಯವು 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ಕಾಯ್ದೆ ಮಾಡಿ, ಕಂಪನಿಗಳಿಂದ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಪಡೆಯುವ ವ್ಯವಸ್ಥೆ ತಂದಿತು. ಯಂತ್ರ ಹೇಗೆ ತೀರ್ಮಾನ ಮಾಡುತ್ತದೆಂಬುದನ್ನು ಕಾರ್ಮಿಕನಿಗೆ ತಿಳಿಸಬೇಕೆಂದೂ ಅದರಲ್ಲಿದೆ. ಬೀಡಿಯ ತಾಯಂದಿರು ಹಾಕಿಕೊಟ್ಟ ಹಾದಿಯೇ ಇದು. ಇನ್ನೂ ಮುಂದಕ್ಕೆ ಹೋಗಬೇಕು.

ನಾಲ್ಕನೆಯದು ಹೊಣೆ. ಯಂತ್ರ ಮಾಡಿದ್ದರ ಮೇಲೆ ಯಂತ್ರದ್ದೆಂಬ ಗುರುತು ಇರಬೇಕು. 2025ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಇದಕ್ಕಾಗಿ ಕರಡು ನಿಯಮ ಪ್ರಕಟಿಸಿ ಆ ದಾರಿಯಲ್ಲಿ ಹೆಜ್ಜೆ ಇಟ್ಟಿತು.

ಸರ್ಕಾರ ಮಾಡುವುದು ಸರ್ಕಾರಕ್ಕಿರಲಿ. ಭಕ್ತರು ಮಾಡಬೇಕಾದದ್ದೂ ಇದೆ. ಪುಸ್ತಕದಲ್ಲಿ ಕಾಣದ ವಚನವನ್ನು ಫೋನಿನಿಂದ ಫೋನಿಗೆ ಕಳುಹಿಸಬೇಡಿ. ಲಗ್ನಪತ್ರಿಕೆಯಲ್ಲಿ, ಮಠದ ಕರಪತ್ರದಲ್ಲಿ ಅಚ್ಚು ಹಾಕಿಸಬೇಡಿ. ನಿಮ್ಮ ಮನೆಯ ಅಜ್ಜಿ ಹೇಳುವ ಹಾಡನ್ನು ಮೊಮ್ಮಕ್ಕಳಿಂದ ಬರೆಯಿಸಿ, ಕೆಳಗೆ ಅಜ್ಜಿಯ ಹೆಸರನ್ನೂ ಊರನ್ನೂ ತಪ್ಪದೆ ಬರೆಯಿಸಿ. ಗ್ರಾಮಸಭೆಯಲ್ಲಿ ರಸ್ತೆ, ನೀರಿನ ಜೊತೆಗೆ ಈ ವಿಷಯವನ್ನೂ ಎತ್ತಿ. ಓಟು ಕೇಳಲು ಬಂದವರನ್ನು ನಮ್ಮ ಮಾತಿನ ಗೇಣಿ ಯಾರಿಗೆ ಹೋಗುತ್ತಿದೆ ಎಂದು ಕೇಳಿ. ಉತ್ತರ ಅವರಿಗೆ ಗೊತ್ತಿಲ್ಲದಿದ್ದರೆ ತಿಳಿದುಕೊಂಡು ಬರಲಿ.

ಆ ಬೆಳ್ತಂಗಡಿಯ ಹುಡುಗನಿಗೆ ನಾವು ಗದರಲಿಲ್ಲ. ವಚನ ಸಂಪುಟವನ್ನು ತರಿಸಿ, ತಾತನ ಪಕ್ಕದಲ್ಲಿ ಕುಳಿತು ಒಂದನ್ನು ನೀನೇ ಹುಡುಕು ಎಂದೆವು. ಅರ್ಧ ಗಂಟೆ ಹಿಡಿಯಿತು. ಸಿಕ್ಕಿದಾಗ ಅವನು ಅದನ್ನು ಗಟ್ಟಿಯಾಗಿ ಓದಿದನು. ತಾತ ಕಣ್ಣು ಮುಚ್ಚಿ ಕೇಳುತ್ತ, ಕೊನೆಯ ಅಂಕಿತಕ್ಕೆ ತಾವೂ ದನಿಗೂಡಿಸಿದರು.

ದುಡಿದವನ ಮನೆಯಲ್ಲಿ ಅನ್ನವೂ ಆಡಿದವನ ಮಾತಿಗೆ ಹೆಸರೂ ಉಳಿಯುವಂತಾಗಲಿ. ಸಕಲರಿಗೂ ಸನ್ಮಂಗಳವಾಗಲಿ.